ಮುಂದಕ್ಕೆ ತಳ್ಳಿದರೆ ನಿಧಾನ!

ವಿಮಾನದ ಎಂಜಿನ್ನಿಗೆ ಹೆಚ್ಚು ಶಕ್ತಿ ಬೇಕಾದರೆ ಥ್ರಾಟಲಿನ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಇಂದು ವೈಮಾನಿಕ ವಿದ್ಯೆಯನ್ನು ಕಲಿಯುವವನಿಗೆ ಇದು ಮೊದಲ ದಿನದ ಪಾಠ. ಆದರೆ 1939ರ ಫ್ರೆಂಚ್ ವಾಯುದಳದಲ್ಲಿ ಇದೇ ಪಾಠವನ್ನು ನಂಬಿದವನ ಎಂಜಿನ್ ಸೊರಗಿಬಿಡುತ್ತಿತ್ತು! ಅಲ್ಲಿಯ ಕ್ರಮವೇ ಬೇರೆ. ಹಿಡಿಯನ್ನು ಹಿಂದಕ್ಕೆ ಎಳೆದರೆ ಶಕ್ತಿ ಹೆಚ್ಚು. ಮುಂದಕ್ಕೆ ತಳ್ಳಿದರೆ ಕಡಮೆ.

1938ರಲ್ಲಿ ಫ್ರಾನ್ಸ್ ದೇಶವು ಅಮೆರಿಕದ ಕರ್ಟಿಸ್ ಕಂಪೆನಿಯಿಂದ 100 ‘ಹಾಕ್ 75’ ಯುದ್ಧವಿಮಾನಗಳನ್ನು ತರಿಸಲು ಒಪ್ಪಂದ ಮಾಡಿಕೊಂಡಿತು. ತನ್ನ ವೈಮಾನಿಕರಿಗೆ ಒಗ್ಗುವಂತೆ ಥ್ರಾಟಲನ್ನು ತಿರುವುಮುರುವಾಗಿ ಜೋಡಿಸಬೇಕೆಂದೂ, ಮಾಪಕಗಳು ಮೀಟರು ಕಿಲೋಮೀಟರುಗಳನ್ನು ತೋರಬೇಕೆಂದೂ ಕೇಳಿತು. ಮುಂದೆ ಹೆಚ್ಚಿನ ವಿಮಾನಗಳಿಗೂ ಬೇಡಿಕೆ ಹೋಯಿತು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಅದಕ್ಕೆ ಇನ್ನೂ ತಲುಪದಿದ್ದ ವಿಮಾನಗಳು ಬ್ರಿಟನ್ನಿನ ಪಾಲಾದುವು. ಅವುಗಳಿಗೆ ‘ಮೊಹಾಕ್’ ಎಂದು ಹೊಸ ನಾಮಕರಣವಾಯಿತು. ಥ್ರಾಟಲು ಮತ್ತೆ ದಿಕ್ಕು ಬದಲಿಸಿತು. ಈ ಮೊಹಾಕ್‌ಗಳೇ 1944ರ ಆರಂಭದವರೆಗೆ ಭಾರತದ ನೆಲೆಗಳಿಂದ ಹಾರಿ ಬರ್ಮಾ ಗಡಿಯಲ್ಲಿ ಕಾದಾಡಿದವು. ವಾಲಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಣೆಗೊಂಡು 1942ರಲ್ಲಿ ಹಾರಿದ ಹಾಕ್ ಕೂಡ ಇದೇ ವಂಶದ್ದು.

ಒಂದೇ ಕುಲದ ವಿಮಾನ. ಚಾಲಕನ ಕೋಣೆ ಮಾತ್ರ ದೊರೆಗೊಂದು ಬಗೆ. ಇಂದು ಕಂಪ್ಯೂಟರಿನಲ್ಲಿ ಹಾರಾಟದ ಅನುಭವ ಕೊಡುವ ಸಿಮ್ಯುಲೇಟರುಗಳಿಗಾಗಿ ಹಳೆಯ ವಿಮಾನಗಳ ಕಾಕ್‌ಪಿಟ್ಟನ್ನು ರಚಿಸುವವರ ಕಷ್ಟ ಇಲ್ಲಿಯೇ ಮೊದಲಾಗುವುದು. ‘ಹಾಕ್ ವಿಮಾನ’ ಎಂದರೆ ಸಾಲದು. ಯಾವ ವರ್ಷದ್ದು? ಯಾರ ಕೈಯಲ್ಲಿದ್ದದ್ದು?

ಉಳಿದಿರುವ ವಿಮಾನವನ್ನು ನೋಡಿ ಬರೆದರಾಯಿತು ಎನ್ನುವಂತಿಲ್ಲ. ಇಂದಿಗೂ ಹಾರುವ ಹಳೆಯ ವಿಮಾನಗಳಲ್ಲಿ ಈಗಿನ ರೇಡಿಯೋ ಇರುತ್ತದೆ. ಹಾಳಾದ ಮಾಪಕದ ಜಾಗದಲ್ಲಿ ಬೇರೊಂದು ಕುಳಿತಿರುತ್ತದೆ. ಯುದ್ಧಕಾಲದ ಛಾಯಾಚಿತ್ರಗಳೋ, ಬಹುಮಟ್ಟಿಗೆ ಕಪ್ಪುಬಿಳುಪು. ಗೋಡೆಯ ಹಸಿರು ಎಷ್ಟು ಹಸಿರೆಂಬುದನ್ನು ಅವು ಹೇಳಲಾರವು. ಚಾಲಕರಿಗೆಂದು ಅಂದು ಅಚ್ಚಾದ ಕೈಪಿಡಿಯೇ ಎಲ್ಲಕ್ಕಿಂತ ನಂಬತಕ್ಕ ಸಾಕ್ಷಿ. ಅದರಲ್ಲಿಯೂ ಆವೃತ್ತಿಯನ್ನು ನೋಡಿಕೊಳ್ಳಬೇಕು.

ಅಭ್ಯಾಸಬಲದ ತಪ್ಪುಗಳು ಬೇರೆ. ಇಂದಿನ ಕ್ರಮದಂತೆ ಎತ್ತರಮಾಪಕವು ಮೇಲಿನ ಸಾಲಿನ ಬಲತುದಿಯಲ್ಲಿರುತ್ತದೆ. ಸ್ಪಿಟ್‌ಫೈರ್ ಕಾಲದ ಬ್ರಿಟಿಷ್ ಫಲಕದ ಆರು ಮಾಪಕಗಳಲ್ಲಿ ಅದರ ಸ್ಥಾನ ಕೆಳಸಾಲಿನ ಎಡತುದಿ. 1938ರಲ್ಲಿ ದಳಕ್ಕೆ ಬಂದ ಮೊದಲ ಸ್ಪಿಟ್‌ಫೈರ್‌ಗಳಲ್ಲಿ ಚಕ್ರಗಳನ್ನು ಮೇಲೆತ್ತಲು ಬಲಗೈಯಿಂದ ಪಂಪು ಒತ್ತಬೇಕಾಗಿತ್ತು. ನೆಲ ಬಿಟ್ಟೊಡನೆ ಚಾಲಕನು ನಿಯಂತ್ರಣದ ಕೋಲನ್ನು ಎಡಗೈಗೆ ವರ್ಗಾಯಿಸಿ ಪಂಪು ಒತ್ತುವನು. ಅವನ ಒಂದೊಂದು ಒತ್ತಿಗೂ ವಿಮಾನ ಮೂಗನ್ನು ಏರಿಸಿ ಇಳಿಸುವುದು. ಎಂಜಿನ್ನೇ ನಡೆಸುವ ಪಂಪು ಬಂದ ಬಳಿಕ ಈ ತೂಗಾಟ ನಿಂತಿತು. ಮೊದಲ ಸ್ಪಿಟ್‌ಫೈರಿಗೆ ಈ ಹೊಸ ಪಂಪನ್ನು ಕೊಟ್ಟ ರಚನಕಾರನು ಚಿತ್ರವನ್ನು ಎಷ್ಟೇ ಅಂದವಾಗಿ ಬರೆದಿರಲಿ, ಆ ವಿಮಾನವನ್ನು ಅರಿತಂತಾಗಲಿಲ್ಲ. ಮೊಳೆಗಳನ್ನು ಎಣಿಸಿ ಕೂರಿಸುವ ಕೆಲವರು ಇಂಥದನ್ನೇ ಮರೆಯುವುದುಂಟು!

ಮನೆಯಲ್ಲಿ ಕುಳಿತು ಹಾರಿಸುವವನ ಮೇಜಿನ ಮೇಲಿರುವ ಹಿಡಿ ಮುಂದಕ್ಕೆ ತಳ್ಳುವಂಥದು. ಅವನನ್ನು ತೊಡಕಿಗೆ ಸಿಕ್ಕಿಸುವುದೇಕೆ ಎಂದು ಕೆಲವರು ವಾದಿಸುವರು. ವಾದ ತೀರ ಟೊಳ್ಳಲ್ಲ. ಇಷ್ಟವಿಲ್ಲದವನಿಗೆ ಅದನ್ನು ತಿರುಗಿಸಿಕೊಳ್ಳುವ ಅನುಕೂಲವಿರಲಿ. ಆದರೆ ಫ್ರೆಂಚ್ ಹಾಕ್ ಎಂಬ ಹೆಸರಿಟ್ಟ ಮೇಲೆ ಮೊದಲು ಕೈಗೆ ಸಿಗಬೇಕಾದುದು ಫ್ರೆಂಚ್ ಹಿಡಿಯೇ. ಫ್ರಾನ್ಸ್ ಬಿದ್ದಾಗ ಇಂಗ್ಲೆಂಡಿಗೆ ಪಾರಾಗಿ ಬಂದ ಪೋಲಿಷ್ ಮತ್ತು ಫ್ರೆಂಚ್ ವೈಮಾನಿಕರು ಬ್ರಿಟಿಷ್ ವಿಮಾನವನ್ನೇರಿದಾಗ ಮೈಲಿ, ಅಡಿಗಳ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಯಿತು. ಅದು ತಲೆಯ ಕೆಲಸ, ಬೇಗನೆ ಮುಗಿಯಿತು. ಎಡಗೈ ಮಾತ್ರ ತುರ್ತಿನ ಸಮಯದಲ್ಲಿ ಹಳೆಯ ದಿಕ್ಕಿಗೇ ಹೊರಡುತ್ತಿತ್ತು.