ಕುಂಚ ಗೆದ್ದ ಯುದ್ಧಗಳು

ಇತಿಹಾಸದ ಪಠ್ಯಪುಸ್ತಕದಲ್ಲಿ ಅರಸರ ಚಿತ್ರ ಬಂದರೆ ನಾವು ನೋಡುವುದು ಮೀಸೆ, ಪೇಟ, ಮುತ್ತಿನ ಹಾರ. ಆಮೇಲೆ ಹಾಳೆ ತಿರುವುತ್ತೇವೆ. ಪರೀಕ್ಷೆಯಲ್ಲಿ ಕೇಳುವುದು ಇಸವಿಯನ್ನು ತಾನೆ! ಆದರೆ ಆಸ್ಥಾನದ ಭಾವಚಿತ್ರಗಳು ರಾಜಕೀಯದ ಕಾಗದಪತ್ರಗಳೂ ಹೌದು, ಓದಲು ಬರಬೇಕು ಅಷ್ಟೆ. ಮೊಗಲ್ ದೊರೆ ಜಹಾಂಗೀರನ ಮೆಚ್ಚಿನ ಕಲಾವಿದ ಅಬುಲ್ ಹಸನ್ ಬರೆದ ಎರಡು ಚಿತ್ರಗಳನ್ನೇ ತೆಗೆದುಕೊಳ್ಳಿ.

ಸುಮಾರು 1618ರ ಚಿತ್ರ ಈಗ ವಾಷಿಂಗ್ಟನ್ನಿನಲ್ಲಿದೆ. ಜಹಾಂಗೀರ್ ಪರ್ಷಿಯಾದ ಷಾ ಅಬ್ಬಾಸನನ್ನು ತಬ್ಬಿಕೊಂಡಿದ್ದಾನೆ. ಹಿಂದೆ ಸೂರ್ಯಚಂದ್ರರ ಪ್ರಭಾವಳಿ, ಕಾಲ ಕೆಳಗೆ ಭೂಗೋಳ. ಎಂಥ ಸ್ನೇಹ ಎನ್ನುವ ಮೊದಲು ಇನ್ನೊಮ್ಮೆ ನೋಡಿ. ಜಹಾಂಗೀರ್ ದಷ್ಟಪುಷ್ಟ, ಷಾ ಬಡಕಲು, ತಲೆ ಬಾಗಿಸಿದ್ದಾನೆ. ಒಬ್ಬ ನಿಂತಿರುವುದು ಸಿಂಹದ ಮೇಲೆ, ಇನ್ನೊಬ್ಬ ಕುರಿಯ ಮೇಲೆ. ಸಿಂಹವಂತೂ ಪರ್ಷಿಯಾದ ನೆಲದವರೆಗೂ ಮೈಚಾಚಿ, ಪಾಪದ ಕುರಿಯನ್ನು ಮೆಡಿಟರೇನಿಯನ್ ಸಮುದ್ರದತ್ತ ನೂಕುವಂತಿದೆ!

ಈ ಇಬ್ಬರೂ ಜೀವಮಾನದಲ್ಲಿ ಒಮ್ಮೆಯೂ ಭೇಟಿಯಾಗಿರಲಿಲ್ಲ. ಪತ್ರಗಳಲ್ಲಿ ಪರಸ್ಪರ ಸಹೋದರರು. ಇಬ್ಬರ ಕಣ್ಣೂ ಕಂದಹಾರದ ಕೋಟೆಯ ಮೇಲೆ. ಭಾರತ–ಪರ್ಷಿಯಾ ವ್ಯಾಪಾರದ ಹಾದಿಗೆ ಅದು ಬೀಗದ ಕೈ. 1595ರಿಂದ ಮೊಗಲರ ವಶದಲ್ಲಿದ್ದ ಅದನ್ನು 1622ರಲ್ಲಿ ಕುರಿಯೇ ಕಸಿದುಕೊಂಡಿತು. ಅದನ್ನು ಉಳಿಸಲು ಹೋಗೆಂದರೆ ಮಗ ಖುರ್ರಮ್, ಅಂದರೆ ಮುಂದಿನ ಷಾಜಹಾನ್, ತಂದೆಯ ಮೇಲೆಯೇ ತಿರುಗಿಬಿದ್ದ.

ಹಾಗೆಂದು ಜಹಾಂಗೀರನಿಗೆ ನಿಜವಾದ ಹೋಲಿಕೆಯ ಬೆಲೆ ತಿಳಿದಿರಲಿಲ್ಲವೆನ್ನುವಂತಿಲ್ಲ. 1613ರಲ್ಲಿ ಖಾನ್ ಆಲಂ ಎಂಬ ರಾಯಭಾರಿಯ ಜೊತೆಗೆ ಬಿಷನ್‌ದಾಸ್ ಎಂಬ ಚಿತ್ರಕಾರನನ್ನು ಪರ್ಷಿಯಾಕ್ಕೆ ಕಳಿಸಿದ್ದ. ಷಾನನ್ನು ಇದ್ದ ಹಾಗೆಯೇ ಬರೆದು ತರಬೇಕು ಎಂಬುದೇ ಅವನ ಕೆಲಸ. ಹೋಲಿಕೆ ಚೆನ್ನಾಗಿ ಬಂದಿದೆಯೆಂದು ದೊರೆ ಮೆಚ್ಚಿ ಅವನಿಗೆ ಆನೆಯನ್ನು ಬಹುಮಾನ ಕೊಟ್ಟ. ಶತ್ರುವಿನ ಮುಖ ತಿಳಿಯಲು ಒಂದು ಚಿತ್ರ, ಅವನನ್ನು ಗೆಲ್ಲಲು ಇನ್ನೊಂದು.

ಎರಡನೆಯದು ನಮಗೆ ಹತ್ತಿರದ ಕಥೆ. ಸುಮಾರು 1616ರ ಈ ಚಿತ್ರ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ರುಂಡಕ್ಕೆ ಜಹಾಂಗೀರ್ ಬಾಣ ಬಿಡುತ್ತಿದ್ದಾನೆ. ರುಂಡದ ಮೇಲೆ ಗೂಬೆ. ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತದ ಚುಕ್ಕಾಣಿ ಹಿಡಿದವನು. ದಖ್ಖನ್ನಿನ ಗುಡ್ಡಗಳಲ್ಲಿ ಅಡಗಿ ಹೊಡೆಯುವ ಅವನ ಕುದುರೆ ಸವಾರರು ಮೊಗಲರನ್ನು ವರ್ಷಗಟ್ಟಲೆ ಕಾಡಿದರು. ಶಿವಾಜಿಯ ತಂದೆ, ಮುಂದೆ ಬೆಂಗಳೂರನ್ನು ಜಹಗೀರಾಗಿ ಪಡೆದ ಷಹಾಜಿಯೂ ಅವನ ಪಡೆಯಲ್ಲಿದ್ದ. ಅಂಬರನ ತಲೆ ಜಹಾಂಗೀರನಿಗೆ ಸಿಗಲೇ ಇಲ್ಲ. 1626ರಲ್ಲಿ ಆತ ತೀರಿಕೊಂಡದ್ದು ಮುಪ್ಪಿನಿಂದ. ಮರುವರ್ಷ ದೊರೆಯೂ ಹೋದ.

ಅದೇ ಮೊಗಲ್ ಆಸ್ಥಾನದ ಹಾಷಿಮ್ ಎಂಬ ಕಲಾವಿದ ಬರೆದ ಅಂಬರನ ಇನ್ನೊಂದು ಭಾವಚಿತ್ರ ಲಂಡನ್ನಿನಲ್ಲಿದೆ. ಅಲ್ಲಿ ಈಟಿಯಿಲ್ಲ, ಗೂಬೆಯಿಲ್ಲ. ಕೈಯಲ್ಲಿ ಖಡ್ಗ ಹಿಡಿದ ಸ್ಥೂಲಕಾಯದ ಮುದುಕ ನೆಟ್ಟಗೆ ನಿಂತಿದ್ದಾನೆ.