ಅಜ್ಜನ ಫ್ರೇಮಿನಲ್ಲಿ ಲಿನಕ್ಸ್

ನಮ್ಮ ಮನೆಯ ಶೋಕೇಸಿನಲ್ಲಿ, ಗಾಜಿನ ಬಾತುಕೋಳಿಗೂ ನನ್ನ ಏಳನೇ ಕ್ಲಾಸಿನ ಖೋಖೋ ಕಪ್ಪಿಗೂ ನಡುವೆ, ಒಂದು ಡಿಜಿಟಲ್ ಫೋಟೊ ಫ್ರೇಮ್ ಇತ್ತು. ಅಜ್ಜ-ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿದಾಗ ಬೆಂಗಳೂರಿನ ಚಿಕ್ಕಪ್ಪ ತಂದುಕೊಟ್ಟಿದ್ದು. ಎಂಟು ಇಂಚಿನ ಪರದೆ, ಸುತ್ತ ಹೊಳೆಯುವ ಕಪ್ಪು ಚೌಕಟ್ಟು. ಮೊದಲ ವರ್ಷ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದರ ದರ್ಶನ ಆಗುತ್ತಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಅಜ್ಜ ಹೋದರು. ಫ್ರೇಮಿನ ಮೇಲೆ ಅಮ್ಮ ಕ್ರೋಶಾ ಹಾಕಿದ ಬಟ್ಟೆ ಹೊದಿಸಿದಳು. ಅಷ್ಟೇ.

ಕಳೆದ ರಜೆಯಲ್ಲಿ ನಾನು ಆ ಬಟ್ಟೆ ತೆಗೆದೆ. ಈಗ ಅದರಲ್ಲಿ ಕಪ್ಪು ಪರದೆ, ಬಿಳಿ ಅಕ್ಷರ, ಮಿನುಗುವ ಕರ್ಸರ್. ಲಿನಕ್ಸಿನ ಟರ್ಮಿನಲ್. ಇದನ್ನು ಹೇಳಿದಾಗ ಗೆಳೆಯರಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಉಳಿದರ್ಧ ಜನ ‘ನಿಂಗೆ ಬೇರೆ ಕೆಲಸ ಇಲ್ವಾ’ ಅಂದರು. ಆ ಎರಡನೇ ಗುಂಪಿಗೆ ಉತ್ತರ ಕೊಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶೋಕಿಗೆ ಮಾಡಿದ್ದಲ್ಲ. ನನಗೆ ಲ್ಯಾಪ್‌ಟಾಪ್ ಇಲ್ಲ. ಪೇಟೆಯಲ್ಲಿ ಒಂದು ಸೈಬರ್ ಕೆಫೆ ಬಾಗಿಲು ಹಾಕುವಾಗ 1,500 ರೂಪಾಯಿಗೆ ಒಂದು ಹಳೆಯ ಸಿಪಿಯು, ಜೊತೆಗೆ ಕೀಬೋರ್ಡ್ ಸಿಕ್ಕಿತು. ಮಾನಿಟರುಗಳನ್ನು ಅಷ್ಟರಲ್ಲೇ ಯಾರೋ ಒಯ್ದಿದ್ದರು. ಗೆಳೆಯನ ರೂಮಿಗೆ ಹೊತ್ತೊಯ್ದು ಅವನ ಮಾನಿಟರಿಗೆ ಸಿಕ್ಕಿಸಿ ಡೆಬಿಯನ್ ಹಾಕಿಕೊಂಡು ಊರಿಗೆ ತಂದೆ. ಮನೆಯಲ್ಲಿ ಟಿವಿ ಇದೆ, ಆದರೆ ಸಿಪಿಯುಗೆ ಇರುವುದು ವಿಜಿಎ, ಟಿವಿಗೆ ಇರುವುದು ಎಚ್‌ಡಿಎಂಐ. ಇದ್ದಿದ್ದರೂ ಸಂಜೆ ಆರರಿಂದ ಹತ್ತರವರೆಗೆ ಅದು ಅಮ್ಮನ ಧಾರಾವಾಹಿಗಳ ಸ್ವತ್ತು. ಫೋನಿನಿಂದಲೇ ಸಿಪಿಯು ಒಳಗೆ ಲಾಗಿನ್ ಆಗಬಹುದಿತ್ತು, ಕೆಲವು ದಿನ ಹಾಗೆಯೇ ಮಾಡಿದೆ. ಆದರೆ ಫೋನಿನ ಪರದೆಯಲ್ಲಿ ಅರ್ಧವನ್ನು ಕೀಬೋರ್ಡೇ ನುಂಗುತ್ತದೆ. ಉಳಿದ ಅರ್ಧದಲ್ಲಿ ಪ್ರೋಗ್ರಾಂ ಬರೆದು ನೋಡಿ, ಗೊತ್ತಾಗುತ್ತದೆ.

ಫೋಟೊ ಫ್ರೇಮನ್ನು ಮಾನಿಟರ್ ಮಾಡಬಹುದೆಂಬುದು ನಾನು ಕಂಡುಹಿಡಿದದ್ದಲ್ಲ. ಹದಿನೈದು ವರ್ಷಗಳಿಂದ ಜಗತ್ತಿನ ಮೂಲೆಮೂಲೆಯಲ್ಲಿ ಜನ ಇದನ್ನು ಮಾಡುತ್ತ ಬಂದಿದ್ದಾರೆ. ಕೀಲಿಕೈ ಗೊಂಚಲಿಗೆ ಸಿಕ್ಕಿಸುವ ಪುಟಾಣಿ ಫ್ರೇಮುಗಳು ಒಂದು ಕಾಲದಲ್ಲಿ ಬರುತ್ತಿದ್ದವಲ್ಲ, ಯೆರೂನ್ ಡೊಂಬುರ್ಗ್ ಎಂಬ ಡಚ್ ಹ್ಯಾಕರ್ ಅಂಥದೊಂದನ್ನು ಬಿಚ್ಚಿ ನೋಡಿದ. ಒಳಗಿದ್ದ ಚಿಪ್ 6502 ವಂಶದ್ದು. 1977ರ ಆಪಲ್-2 ಕಂಪ್ಯೂಟರಿನಲ್ಲಿ ಇದ್ದದ್ದೂ ಅದೇ 6502. ಒಂದು ಕಾಲದ ಇಡೀ ಕಂಪ್ಯೂಟರಿನ ಮಿದುಳು ಈಗ ಕೀಲಿಕೈ ಗೊಂಚಲಿನಲ್ಲಿ ಫೋಟೊ ತಿರುಗಿಸುವ ಚಾಕರಿಗೆ ನಿಂತಿದೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ಪ್ರಯೋಗ ಕೆಟ್ಟಿತು. ಎಸ್‌ಪಿ ರಸ್ತೆಯಲ್ಲಿ 150 ರೂಪಾಯಿಗೆ ಒಂದು ಪುಟಾಣಿ ಫ್ರೇಮ್ ತಂದಿದ್ದೆ, ಎಎಕ್ಸ್206 ಎಂಬ ಚಿಪ್ ಇರುವಂಥದ್ದು. ಅದರೊಳಗಿನ ಫರ್ಮ್‌ವೇರ್ ಅಳಿಸಿ ಬೇರೆಯದನ್ನು ಬರೆದರೆ ಲಿನಕ್ಸಿಗೆ ಪರದೆಯಾಗಿ ಒದಗುತ್ತದೆ. ನಾನು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. ನಮ್ಮೂರಿನ ಮಳೆಗಾಲದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಫ್ರೇಮ್ ಮತ್ತೆ ಏಳಲಿಲ್ಲ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಏನೂ ಮಾತಾಡದೆ ಮೇಜಿನ ಮೇಲಿಟ್ಟು ತೋಟಕ್ಕೆ ಹೋದರು.

ಹಾಗಾಗಿ ನಾನು ಅಜ್ಜನ ಫ್ರೇಮಿಗೆ ಕೈ ಹಾಕಿದಾಗ ಮನೆಯಲ್ಲಿ ರಾಮಾಯಣವೇ ಆಯಿತು.

‘ಅದರಲ್ಲಿ ಅಪ್ಪಯ್ಯನ ಫೋಟೊ ಇದ್ದು ಮಾರಾಯ. ಅದನ್ನೂ ಹಾಳು ಮಾಡಡ’ ಎಂದರು ಅಪ್ಪ. ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಕಾರಣವೂ ಇತ್ತು. ಚಿಕ್ಕಪ್ಪನ ಹಳೆಯ ಕಂಪ್ಯೂಟರ್ ಕೆಟ್ಟು ಅದರಲ್ಲಿದ್ದ ಫೋಟೊಗಳೆಲ್ಲ ಹೋಗಿದ್ದವು. ಅಜ್ಜ ಜೋಗದಲ್ಲಿ ರೇನ್‌ಕೋಟ್ ಹಾಕಿಕೊಂಡು ನಿಂತದ್ದು, ಅಡಿಕೆ ಸುಲಿಯುವವರ ಜೊತೆ ಕೂತದ್ದು, ಇವೆಲ್ಲ ಉಳಿದಿದ್ದು ಈ ಫ್ರೇಮಿನ ಹೊಟ್ಟೆಯಲ್ಲಿ ಮಾತ್ರ. ಅಂದರೆ ಇಷ್ಟು ವರ್ಷ ಬಟ್ಟೆ ಹೊದಿಸಿ ನಾವು ಜೋಪಾನ ಮಾಡುತ್ತಿದ್ದೇವೆ ಎಂದುಕೊಂಡದ್ದು, ಯಾವತ್ತಾದರೂ ಸಿಡಿಲಿಗೋ ತೇವಕ್ಕೋ ಸದ್ದಿಲ್ಲದೆ ಹೋಗಿಬಿಡಬಹುದಾಗಿದ್ದ ಒಂದೇ ಒಂದು ಪ್ರತಿ.

ಮೊದಲು ಮಾಡಿದ ಕೆಲಸ ಅದನ್ನು ಯುಎಸ್‌ಬಿ ತಂತಿಯಲ್ಲಿ ಸಿಪಿಯುಗೆ ಜೋಡಿಸಿ ಎಲ್ಲ ಫೋಟೊಗಳನ್ನೂ ನಕಲು ಮಾಡಿಕೊಂಡದ್ದು. ಒಟ್ಟು 212. ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಬೀರುವಿನಲ್ಲಿ ಜಮೀನಿನ ಪಹಣಿ ಇರುವ ಫೈಲಿನೊಳಗೆ ಇಟ್ಟರು. ಆಮೇಲೆ ‘ಸರಿ, ಈಗ ಎಂತ ಬೇಕಾದ್ರೂ ಮಾಡ್ಕ’ ಎಂದರು.

ಮಾಡಿದ್ದೇನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಷ್ಟವೇನಿಲ್ಲ. ಫ್ರೇಮು ಸ್ಯಾಮ್‌ಸಂಗ್ ಎಸ್‌ಪಿಎಫ್-87ಎಚ್. ಕಂಪ್ಯೂಟರಿಗೆ ಜೋಡಿಸಿದರೆ ತಾನೊಂದು ಪೆನ್‌ಡ್ರೈವ್ ಎಂದು ಹೇಳಿಕೊಳ್ಳುತ್ತದೆ, ಆಗ ಅದರ ಗುರುತಿನ ಸಂಖ್ಯೆ 2033. ಯುಎಸ್‌ಬಿ ಮೂಲಕ ಒಂದು ಚಿಕ್ಕ ಆದೇಶ ಕಳಿಸಿದರೆ ಸಂಪರ್ಕ ಕಡಿದುಕೊಂಡು, ಮರುಕ್ಷಣ 2034 ಎಂಬ ಹೊಸ ಗುರುತಿನೊಂದಿಗೆ ಪರದೆಯಾಗಿ ಮರಳಿ ಬರುತ್ತದೆ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಚೌಕಿಗೆ ಹೋಗಿ ಬೇರೆ ವೇಷದಲ್ಲಿ ಬಂದ ಹಾಗೆ. ಆಮೇಲೆ ಅದಕ್ಕೆ ಜೆಪೆಗ್ ಚಿತ್ರಗಳನ್ನು ಒಂದರ ಹಿಂದೊಂದು ಕಳಿಸುತ್ತ ಹೋದರೆ ತೋರಿಸುತ್ತ ಹೋಗುತ್ತದೆ. ಈ ಸೌಲಭ್ಯ ಫ್ರೇಮಿನಲ್ಲಿ ಮೊದಲಿನಿಂದಲೂ ಇತ್ತು, ವಿಂಡೋಸ್ ಕಂಪ್ಯೂಟರಿಗೆಂದು ಮಾಡಿದ್ದು. ತಂತಿಯಲ್ಲಿ ಏನೇನು ಹೋಗುತ್ತದೆ ಎಂದು ಕೂತು ಕದ್ದಾಲಿಸಿದವರು ಅದನ್ನು ಲಿನಕ್ಸಿಗೂ ತಂದರು. ಇದರಲ್ಲಿ ಫ್ರೇಮಿನ ಒಳಗೆ ಏನನ್ನೂ ಅಳಿಸುವುದಿಲ್ಲ, ಬರೆಯುವುದೂ ಇಲ್ಲ. ತಂತಿ ಕಿತ್ತು ಆರಿಸಿ ಹಚ್ಚಿದರೆ ಮತ್ತೆ ಅಜ್ಜ.

ಇನ್ನುಳಿದದ್ದು ಲಿನಕ್ಸಿನ ಪರದೆಯನ್ನು ಚಿತ್ರ ಮಾಡುವ ಕೆಲಸ. ಲಿನಕ್ಸಿನಲ್ಲಿ ಎಲ್ಲವೂ ಫೈಲ್ ಎನ್ನುತ್ತಾರೆ, ಪರದೆಯೂ ಹಾಗೇ. ಮಾನಿಟರ್ ಇರಲಿ ಬಿಡಲಿ, ಕನ್ಸೋಲಿನ ಮೇಲೆ ಯಾವ ಅಕ್ಷರ ಎಲ್ಲಿದೆ ಎಂಬುದು ವಿಸಿಎಸ್‌ಎ ಎಂಬ ಸಾಧನ ಫೈಲಿನಲ್ಲಿ ಇರುತ್ತದೆ. ಅದನ್ನು ಓದಿ, ಪೈಥಾನಿನಲ್ಲಿ ಚಿತ್ರ ಬರೆದು, ಜೆಪೆಗ್ ಮಾಡಿ ಕಳಿಸಿದರೆ ಆಯಿತು. ಫ್ರೇಮಿನ ಪರದೆ 800 ಚುಕ್ಕೆ ಅಗಲ, 480 ಚುಕ್ಕೆ ಎತ್ತರ. ಸಾಲಿಗೆ 80 ಅಕ್ಷರ ಇಟ್ಟರೆ ಒಂದೊಂದಕ್ಕೆ 10 ಚುಕ್ಕೆ. 25 ಸಾಲು ಇಟ್ಟರೆ ಸಾಲಿಗೆ 19 ಚುಕ್ಕೆ, ಕೆಳಗೆ 5 ಚುಕ್ಕೆ ಉಳಿತಾಯ. ಹೊಲಿಸಿ ತಂದ ಅಂಗಿಯಂತೆ ಕೂತಿತು. ಈ 80ರ ಲೆಕ್ಕ ಬಂದದ್ದು 1928ರಲ್ಲಿ ಐಬಿಎಂ ತಂದ ತೂತುಕಾರ್ಡಿನಿಂದ, ಅದರಲ್ಲಿ 80 ಕಂಬಸಾಲು ಇರುತ್ತಿದ್ದವು. ಮೊದಮೊದಲು ಕೆಂಪು, ನೀಲಿ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಕದಡುತ್ತಿತ್ತು. ಜೆಪೆಗ್ ಬಣ್ಣದ ಮಾಹಿತಿಯನ್ನು ಹಿಂಡಿ ಕಡಿಮೆ ಮಾಡುತ್ತದೆ, ಬೆಳಕಿನ ಮಾಹಿತಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಿಳಿ ಅಕ್ಷರಕ್ಕೆ ಬಂದೆ, ತೊಂದರೆ ಹೋಯಿತು.

ಕೀಲಿ ಒತ್ತಿದ ಮೇಲೆ ಅಕ್ಷರ ಮೂಡುವುದು ಸ್ವಲ್ಪ ತಡ, ನಿಜ. ಆದರೆ ಟರ್ಮಿನಲ್ ಎಂಬ ವಸ್ತು ಹುಟ್ಟಿದ್ದೇ ಟೆಲಿಟೈಪಿನಿಂದ. ಲಿನಕ್ಸಿನಲ್ಲಿ ಇವತ್ತಿಗೂ ಕಾಣುವ ‘ಟಿಟಿವೈ’ ಎಂಬ ಹೆಸರು ಅದರದ್ದೇ. ಆ ಕಾಲದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಕಾಗದದ ಮೇಲೆ ಕುಟ್ಟುತ್ತಿತ್ತು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟಿದ್ದು ಅಂಥ ಯಂತ್ರಗಳ ಮುಂದೆ ಕೂತು. ನನ್ನ ಫ್ರೇಮ್ ಅದಕ್ಕಿಂತ ಜೋರಾಗಿದೆ, ಸದ್ದೂ ಇಲ್ಲ.

ಇದನ್ನೆಲ್ಲ ಕೇಳಿದ ಗೆಳೆಯನೊಬ್ಬ ಲೆಕ್ಕ ಹೇಳಿದ: ‘ಎರಡು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಮಾನಿಟರ್ ಸಿಗ್ತಿತ್ತು. ನೀನು ಮೂರು ವಾರ ಹಾಳು ಮಾಡಿದೆ.’ ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮೂರು ವಾರ ಅಡಿಕೆ ಕೊನೆ ಹೊರುವ ಕೆಲಸಕ್ಕೆ ಹೋಗಿದ್ದರೆ ಎರಡು ಮಾನಿಟರಿನ ದುಡ್ಡು ಬರುತ್ತಿತ್ತೋ ಏನೋ. ಆದರೆ ಆ ಮಾನಿಟರ್ ನನಗೆ ಯುಎಸ್‌ಬಿ ಹೇಗೆ ಮಾತಾಡುತ್ತದೆ ಎಂದು ಹೇಳಿಕೊಡುತ್ತಿರಲಿಲ್ಲ. ಮೂರು ವರ್ಷ ಎಂಜಿನಿಯರಿಂಗ್ ಓದಿ, ‘ಡಿವೈಸ್ ಡ್ರೈವರ್ ಎಂದರೇನು’ ಎಂಬ ಐದು ಅಂಕದ ಪ್ರಶ್ನೆಗೆ ಎರಡು ಸಲ ಉತ್ತರ ಬರೆದಿದ್ದೇನೆ. ಎರಡು ಸಲವೂ ಪೂರ್ತಿ ಅಂಕ ಬಂತು. ಎರಡು ಸಲವೂ ನನಗೆ ಅದು ಗೊತ್ತಿರಲಿಲ್ಲ.

ನನ್ನ ತಕರಾರು ಇಲ್ಲಿದೆ. ನಾವು ಓದುವ ಲ್ಯಾಬಿನಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದರೆ 100 ರೂಪಾಯಿ ದಂಡ. ಸಿಪಿಯು ಮುಚ್ಚಳಕ್ಕೆ ಸೀಲ್. ಕಂಪ್ಯೂಟರ್ ಹಾಳಾಗಬಾರದು ಎಂಬ ಕಾಳಜಿ ಅರ್ಥವಾಗುತ್ತದೆ, ಮುಂದಿನ ಬ್ಯಾಚಿಗೂ ಬೇಕಲ್ಲ. ಆದರೆ ಗುಜರಿಗೆ ಹೋಗಲಿರುವ ಹತ್ತು ಕಂಪ್ಯೂಟರುಗಳು ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತಿವೆ. ಅವನ್ನಾದರೂ ಬಿಚ್ಚಲು ಬಿಡಬಹುದಲ್ಲ? ಕೇಳಿದರೆ ‘ಸ್ಟಾಕ್ ರಿಜಿಸ್ಟರಿನಲ್ಲಿವೆ’ ಎಂಬ ಉತ್ತರ. ಮನೆಗಳಲ್ಲೂ ಇದೇ ಕತೆ. ಕೆಟ್ಟ ಮಿಕ್ಸಿಯನ್ನು ಅಟ್ಟದ ಮೇಲೆ ಹತ್ತು ವರ್ಷ ಇಡುತ್ತೇವೆ, ಮಗ ಅದಕ್ಕೆ ಸ್ಕ್ರೂಡ್ರೈವರ್ ಹಾಕಿದರೆ ‘ಹಾಳ್ ಮಾಡ್ಬೇಡ’ ಎನ್ನುತ್ತೇವೆ. ಇನ್ನೇನು ಹಾಳಾಗಬೇಕು ಅದರಲ್ಲಿ?

‘ಹ್ಯಾಕ್’ ಎಂಬ ಪದವೂ ನಮ್ಮನ್ನು ಕೆಡಿಸಿದೆ. ಪೇಪರಿನಲ್ಲಿ ಹ್ಯಾಕರ್ ಎಂದರೆ ಬ್ಯಾಂಕ್ ಖಾತೆ ಖಾಲಿ ಮಾಡುವವನು. ಅಮ್ಮನಿಗೆ ನಾನು ‘ಫ್ರೇಮ್ ಹ್ಯಾಕ್ ಮಾಡ್ತಿದೀನಿ’ ಎಂದಾಗ ಅವಳು ಕೇಳಿದ್ದು, ‘ಪೋಲೀಸ್ರು ಬರ್ತ್ವನಾ?’ ಎಂದು. ಕಂಪ್ಯೂಟರ್ ಜಗತ್ತಿನಲ್ಲಿ ಆ ಪದವನ್ನು ಬಳಕೆಗೆ ತಂದವರಲ್ಲಿ ಎಂಐಟಿಯ ಆಟದ ರೈಲುಮಾದರಿ ಕ್ಲಬ್ಬಿನ ಹುಡುಗರು ಮೊದಲಿಗರು. ಅವರು ಕದಿಯುತ್ತಿರಲಿಲ್ಲ, ಸ್ವಿಚ್ಚು, ತಂತಿ ಜೋಡಿಸಿ ಜಾಣತನ ಮಾಡುತ್ತಿದ್ದರು.

ಆ ಜಾಣತನ ನಮಗೆ ಹೊಸತೂ ಅಲ್ಲ. ನನ್ನ ಅಪ್ಪ ಬೋರ್ಡೋ ಹೊಡೆಯುವ ಪಂಪನ್ನು ಒಂದು ಸಲವೂ ಸರ್ವಿಸಿಗೆ ಒಯ್ದವರಲ್ಲ. ವಾಷರ್ ಸವೆದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುತ್ತಾರೆ. ಕೊನೆಗಾರ ಮರದ ಮೇಲೆ ಕಾಯುತ್ತಿರುವಾಗ ಕಂಪನಿಯ ಮೆಕ್ಯಾನಿಕ್ ಬರಲೆಂದು ಯಾರು ಕಾಯುತ್ತಾರೆ? ಅಪ್ಪನ ದೃಷ್ಟಿಯಲ್ಲಿ ಅದು ರಿಪೇರಿ, ನಾನು ಮಾಡಿದ್ದು ತರಲೆ. ಇದನ್ನು ಅವರಿಗೇ ಹೇಳಿದೆ. ‘ಪಂಪಿನ ಒಳಗೆ ಎಂತ ಇದ್ದು ಹೇಳಿ ಕಣ್ಣಿಗೆ ಕಾಣ್ತು. ನಿನ್ನ ಈ ಡಬ್ಬಿ ಒಳಗೆ ಎಂತ ಕಾಣ್ತು?’ ಎಂದರು. ನಾನು ಇದುವರೆಗೆ ಕೇಳಿದ ಒಳ್ಳೆಯ ಆಕ್ಷೇಪ ಅದೇ. ಕಣ್ಣಿಗೆ ಕಾಣದ್ದನ್ನು ಮುಚ್ಚಿಡುವುದು ಸುಲಭ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಾಗ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ ಎಂದು ನಾಲ್ಕು ವಲಯ ಗುರುತಿಸಿತು. ಅಪ್ಪನ ಪಂಪು, ನನ್ನ ಫ್ರೇಮು ಎರಡೂ ಒಂದೇ ಪಟ್ಟಿಯಲ್ಲಿವೆ. ಆದರೆ ಬಿಡಿಭಾಗ, ಕೈಪಿಡಿ ಸಿಕ್ಕರೆ ಸಾಲದು. ಹಳೆಯ ಉಪಕರಣಕ್ಕೆ ಕಂಪನಿಯ ಬೆಂಬಲ ನಿಂತ ದಿನ, ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದನ್ನೂ ಬಿಚ್ಚಿಡಬೇಕು. ಮಾರಾಟ ಮುಗಿದ ಫೋಟೊ ಫ್ರೇಮಿನ ನಾಲ್ಕು ಆದೇಶಗಳಲ್ಲಿ ಯಾವ ವ್ಯಾಪಾರದ ಗುಟ್ಟಿದೆ? ಅದನ್ನು ತಿಳಿಯಲು ಯಾರೋ ತಂತಿಗೆ ಕಿವಿಗೊಟ್ಟು ರಾತ್ರಿಗಳನ್ನು ಕಳೆಯಬೇಕಾಯಿತು.

ಒಂದು ವಿಷಯ ಬಿಟ್ಟೆ. ಲಿನಕ್ಸಿನ ಬರಿಯ ಕನ್ಸೋಲಿನಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತಕ್ಷರ ಕೂಡಿಸುವ ಬುದ್ಧಿ ಅದಕ್ಕಿಲ್ಲ. ಆದರೆ ಫ್ರೇಮಿಗೆ ನಾನು ಕಳಿಸುವುದು ಅಕ್ಷರವನ್ನಲ್ಲ, ಚಿತ್ರವನ್ನು. ಹಾಗಾದರೆ ಕನ್ನಡವನ್ನೂ ಚಿತ್ರ ಮಾಡಿ ಕಳಿಸಬಹುದಲ್ಲ ಎಂದು ಹೊಳೆದದ್ದು ಒಂದು ಸಂಜೆ ಹಲ್ಲು ಉಜ್ಜುವಾಗ. ಮೊದಲ ಸಲ ‘ಅಜ್ಜಿ’ ಎಂದು ಬರೆದರೆ ‘ಅಜ್‌ಜಿ’ ಎಂದು ಬಂತು. ಪೈಥಾನಿನ ಪಿಲ್ಲೋಗೆ ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಜೊತೆಗೂಡಿಸಬೇಕು, ಆಗ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ. ಈಗ ಬೆಳಿಗ್ಗೆ ಏಳಕ್ಕೆ ಫ್ರೇಮಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ವಾರ, ತಾರೀಖು, ಅಜ್ಜಿಯ ಬಿಪಿ ಮಾತ್ರೆಯ ಹೆಸರು ಬರುತ್ತವೆ. ಅಜ್ಜಿಗೆ ಕನ್ನಡಕ ಇಲ್ಲದೆಯೂ ಓದಲು ಬರುವಷ್ಟು ದಪ್ಪ. ಎಂಟಕ್ಕೆ ಅದು ಹೋಗಿ ನನ್ನ ಟರ್ಮಿನಲ್ ಬರುತ್ತದೆ.

ಅಜ್ಜಿಯ ದೂರು ಒಂದೇ. ‘ಅಪ್ಪಿ, ಇದರಲ್ಲಿ ನಿಮ್ಮಜ್ಜ ಬರ್ತಿದ್ರು, ಈಗ ಬರೀ ಇಂಗ್ಲಿಷ್ ಇರುವೆ ಹರಿತ್ತು.’ ಹಾಗಾಗಿ ಸಿಪಿಯು ಆರಿಸಿದ ಮೇಲೆ ತಂತಿ ಕಿತ್ತು ಫ್ರೇಮನ್ನು ಹಾಗೇ ಹಚ್ಚಿಡುತ್ತೇನೆ. ಕಂಪ್ಯೂಟರ್ ಸರಿಯಾಗಿ ಏಳದ ದಿನವೂ ಅಜ್ಜನೇ ಬರುತ್ತಾರೆ, ಜೋಗದ ರೇನ್‌ಕೋಟ್ ಹಾಕಿಕೊಂಡು. ಅವರನ್ನು ಕಂಡರೆ ನನಗೆ ಎಲ್ಲೋ ಎಡವಟ್ಟಾಗಿದೆ ಎಂದು ಗೊತ್ತಾಗುತ್ತದೆ. ಅಜ್ಜಿಗೆ ಮಾತ್ರ ಅವತ್ತು ಖುಷಿ.

ಮುಂದಿನ ತಿಂಗಳು ಚಿಕ್ಕಪ್ಪ ಊರಿಗೆ ಬರುತ್ತಾರೆ. ಅವರ ಮನೆಯ ಅಟ್ಟದಲ್ಲಿ ಇಂಥದೇ ಇನ್ನೊಂದು ಫ್ರೇಮ್ ಇದೆಯಂತೆ. ತರಲು ಹೇಳಿ ಫೋನ್ ಮಾಡಿದ್ದು ನಾನಲ್ಲ, ಅಪ್ಪ.