ಜೋರಾಗಿ ಎಳೆದರೆ ದೋಣಿ ಓಡುವುದಿಲ್ಲ

ಮುಂಬ್ರಾದ ಮಕ್ಕಳಿಗೆ ನೀರು ಹೊಸದಲ್ಲ. ಠಾಣೆಯಿಂದ ಕಲ್ಯಾಣದ ಕಡೆಗೆ ಹೋಗುವ ಲೋಕಲ್ ಕಳವಾ ದಾಟುತ್ತಿದ್ದಂತೆ ಒಂದು ಪಕ್ಕ ಪಾರ್ಸಿಕ್ ಗುಡ್ಡ, ಇನ್ನೊಂದು ಪಕ್ಕ ಖಾಡಿ. ರೇತಿಬಂದರಿನ ಮರಳಿನ ದೋಣಿಗಳು, ಕೋಳಿಗರ ಮೀನಿನ ದೋಣಿಗಳು, ಇಳಿತದ ಹೊತ್ತಿಗೆ ಮೇಲೆದ್ದು ಕಾಣುವ ಕೆಸರು. ನೋಡುವುದು ಮಾತ್ರ, ಅದಕ್ಕೆ ಇಳಿಯುವವರು ಯಾರೂ ಇಲ್ಲ. ಅಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ದೋಣಿಯೊಳಗೆ ಮೊದಲ ಸಲ ಕೂತದ್ದು ಎಂಜಿನಿಯರಿಂಗ್ ಓದಲು ಪುಣೆಗೆ ಹೋದ ಮೇಲೆ, ಹದಿನೆಂಟನೆಯ ವಯಸ್ಸಿನಲ್ಲಿ.

ನಾಲ್ಕು ತಿಂಗಳಾಗಿದೆ. ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗಿದೆ. ಆದರೆ ಅಭ್ಯಾಸದ ಯಂತ್ರದಲ್ಲಿ ಐನೂರು ಮೀಟರಿಗೆ 2 ನಿಮಿಷ 20 ಸೆಕೆಂಡಿನ ಆಸುಪಾಸಿಗೆ ಬಂದು ನಿಂತವಳು ಅಲ್ಲಿಂದ ಅಲುಗಾಡಿಲ್ಲ. ನೀರಿನ ಮೇಲಂತೂ ಕಳೆದ ತಿಂಗಳಿಗಿಂತ ಈ ತಿಂಗಳು ಇನ್ನೂ ಕೆಟ್ಟದಾಗಿದೆಯಂತೆ. "ಚಿಕ್ಕಿ, ನನಗೆ ಇದು ಹತ್ತೋದಲ್ಲ ಅನ್ಸುತ್ತೆ" ಅಂತ ಫೋನಿನಲ್ಲಿ ಹೇಳಿದಳು. ಅಕ್ಕನ ಸಲಹೆ: ಬಿಟ್ಟುಬಿಡು, ಓದಿಕೋ. ಭಾವನ ಸಲಹೆ: ಇನ್ನೂ ಕಷ್ಟಪಡು, ಕಷ್ಟಪಟ್ಟರೆ ಆಗದ್ದೇನಿದೆ.

ಎರಡೂ ತಪ್ಪು ಅನ್ನುವುದು ನನ್ನ ವಾದ. ಭಾವನ ಸಲಹೆ ಹೆಚ್ಚು ತಪ್ಪು.

ನಾನು ದೋಣಿ ಹತ್ತಿದವಳಲ್ಲ. ಡೊಂಬಿವಲಿಯಲ್ಲಿ ಭೌತಶಾಸ್ತ್ರ ಪಾಠ ಹೇಳಿಕೊಂಡು ಬಂದವಳು. ಅವಳ ಗೋಳು ಕೇಳಿದಾಗ ಸಮಾಧಾನದ ಮಾತಿಗಿಂತ ಮೊದಲು ನನಗೆ ನೆನಪಾದದ್ದು ಒಂದು ಲೆಕ್ಕ. ನೀರಿನಲ್ಲಿ ಸಾಗುವ ವಸ್ತುವಿಗೆ ಎದುರಾಗುವ ತಡೆ ವೇಗದ ವರ್ಗದಂತೆ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎಂಟರಷ್ಟು ಬೇಕು. ಅವಳು ಕೂರುವ ಯಂತ್ರವೂ ಇದೇ ಸೂತ್ರದ ಮೇಲೆ ಸಮಯ ತೋರಿಸುತ್ತದೆ. 2:20ಕ್ಕೆ ಸುಮಾರು 127 ವ್ಯಾಟ್ ಸಾಕು. 2:10ಕ್ಕೆ 159 ಬೇಕು, 2:00ಕ್ಕೆ 202, 1:50ಕ್ಕೆ 263. ಪ್ರತಿ ಸಲ ಇಳಿಯುವುದು ಅದೇ ಹತ್ತು ಸೆಕೆಂಡು, ಆದರೆ ತೆರಬೇಕಾದದ್ದು ಮೊದಲು 32, ಆಮೇಲೆ 43, ಆಮೇಲೆ 61 ವ್ಯಾಟ್.

ಇದನ್ನು ತಿರುಗಿಸಿ ನೋಡಿ. ಒಬ್ಬ ಹುಡುಗಿ ನಾಲ್ಕು ತಿಂಗಳಲ್ಲಿ ಹತ್ತು ಪ್ರತಿಶತ ಬಲ ಹೆಚ್ಚಿಸಿಕೊಂಡಳು ಎನ್ನೋಣ. ಯಾವ ಆಟದಲ್ಲಾದರೂ ಅದು ಒಳ್ಳೆಯ ಪ್ರಗತಿಯೇ. ಯಂತ್ರದ ಪರದೆಯ ಮೇಲೆ ಅದು ಕಾಣುವುದು ಬರೀ ನಾಲ್ಕೂವರೆ ಸೆಕೆಂಡಾಗಿ. ಹಿಂದಿನ ರಾತ್ರಿ ನಿದ್ದೆ ಕೆಟ್ಟರೆ, ಹಾಸ್ಟೆಲಿನ ಊಟ ಸೇರದಿದ್ದರೆ, ಅದರಲ್ಲಿ ಮೂರು ಸೆಕೆಂಡು ಅಲ್ಲೇ ಮಾಯ. ಪ್ರಗತಿ ಆಗಿರುತ್ತದೆ, ಆದರೆ ಅವಳು ನೋಡುತ್ತಿರುವ ಅಂಕಿಗೆ ಅದನ್ನು ತೋರಿಸುವ ಸಾಮರ್ಥ್ಯವಿಲ್ಲ.

ಯಂತ್ರವಾದರೂ ನೆಲದ ಮೇಲೆ ನಿಂತಿರುತ್ತದೆ. ದೋಣಿ ಹಾಗಲ್ಲ. ಒಬ್ಬರೇ ನಡೆಸುವ ಸ್ಪರ್ಧೆಯ ದೋಣಿ ಸುಮಾರು ಎಂಟು ಮೀಟರ್ ಉದ್ದ, ಅಗಲ ಒಂದಡಿಯ ಹತ್ತಿರ, ತೂಕ ಹದಿನಾಲ್ಕು ಕಿಲೋ. ಅಕ್ಕಿಮೂಟೆಗಿಂತ ಹಗುರವಾದ ಆ ಕಡ್ಡಿಯ ಮೇಲೆ ಬೆನ್ನು ಮುಂದಕ್ಕೆ ಹಾಕಿ ಕೂತು, ಎರಡು ಉದ್ದದ ಹುಟ್ಟುಗಳನ್ನು ಒಟ್ಟಿಗೆ ನೀರಿಗಿಳಿಸಿ, ಮೊದಲು ಕಾಲು ಒತ್ತಿ, ಆಮೇಲೆ ಬೆನ್ನು ಚಾಚಿ, ಕೊನೆಗೆ ಕೈ ಎಳೆದು, ಅಲಗನ್ನು ಮಟ್ಟಸವಾಗಿ ತಿರುಗಿಸಿ ನೀರಿನ ಮೇಲಿಂದ ಹಿಂದಕ್ಕೆ ತರಬೇಕು. ನಿಮಿಷಕ್ಕೆ ಇಪ್ಪತ್ತು ಸಲವಾದರೂ. ಅಲಗು ಒಂದು ಕೂದಲೆಳೆ ವಾರೆಯಾದರೆ ನೀರು ಅದನ್ನು ಕಚ್ಚಿ ಹಿಡಿಯುತ್ತದೆ, ಹಿಡಿ ಬಂದು ಹೊಟ್ಟೆಗೆ ಬಡಿಯುತ್ತದೆ. ರೋಯಿಂಗಿನವರು ಇದಕ್ಕೆ ಏಡಿ ಹಿಡಿಯುವುದು ಎನ್ನುತ್ತಾರೆ. ನಮ್ಮ ಹುಡುಗಿ ಏಡಿ ಹಿಡಿದು ಹಿಡಿದು ಬೇಸತ್ತಿದ್ದಾಳೆ. ನಮ್ಮದು ಬಂಗುಡೆ ತಿನ್ನುವ ಮನೆ, ಏಡಿ ಸಿಕ್ಕರೆ ಯಾರಿಗೆ ಬೇಜಾರು ಎಂದು ನಗಿಸಲು ನೋಡಿದೆ. ನಗಲಿಲ್ಲ.

"ಇನ್ನೂ ಜೋರಾಗಿ" ಎಂಬ ಸಲಹೆ ಕೆಲಸ ಕೆಡಿಸುವುದು ಇಲ್ಲಿಯೇ. ಈ ದೋಣಿಯಲ್ಲಿ ಆಸನ ಗಾಲಿಯ ಮೇಲೆ ಜಾರುತ್ತದೆ. ಕೂತವರ ಮೈತೂಕ ದೋಣಿಯ ತೂಕದ ನಾಲ್ಕರಷ್ಟು. ಎಳೆತ ಮುಗಿಸಿ, ಮುಂದಿನ ಎಳೆತಕ್ಕೆಂದು ಮೈ ದೋಣಿಯ ಹಿಂಬದಿಗೆ ಜಾರುವಾಗ ದೋಣಿ ತಾನೇ ಮುಂದಕ್ಕೆ ಚಿಮ್ಮುತ್ತದೆ. ಅದರ ಅತಿ ಹೆಚ್ಚಿನ ವೇಗ ಎಳೆಯುವಾಗ ಅಲ್ಲ, ಆ ಬಿಡುವಿನಲ್ಲಿ. ಅವಸರಪಟ್ಟು ರಭಸದಿಂದ ಜಾರಿ ಬಂದರೆ ಅಷ್ಟೂ ಭಾರವನ್ನು ತುದಿಯಲ್ಲಿ ತಡೆಯಬೇಕಾಗುತ್ತದೆ, ಕಾಲಿನ ಆ ಒದೆತ ದೋಣಿಯ ಓಟಕ್ಕೇ ಬ್ರೇಕು. ಸಿಟ್ಟಿನಲ್ಲಿ ಎಳೆಯುವವರು ಬೇಗ ಎಳೆಯುತ್ತಾರೆ, ಬೇಗ ಜಾರುತ್ತಾರೆ, ಪ್ರತಿ ಎಳೆತದ ಕೊನೆಗೆ ತಮ್ಮ ದೋಣಿಯನ್ನು ತಾವೇ ನಿಲ್ಲಿಸುತ್ತಾರೆ. ದೋಣಿ ನಿಧಾನವಾದದ್ದು ಕಂಡು ಸಿಟ್ಟು ಇನ್ನೂ ಏರುತ್ತದೆ. ಓಟದಲ್ಲೋ ಕುಸ್ತಿಯಲ್ಲೋ ಸಿಟ್ಟು ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಬರುವುದಿಲ್ಲ.

ಕಳೆದ ತಿಂಗಳಿಗಿಂತ ಕೆಟ್ಟದಾಗಿದೆ ಎಂಬುದಕ್ಕೂ ಕಾರಣವಿದೆ. ಮೊದಲು ಅವಳು ತೋಳಿನಿಂದ ಎಳೆಯುತ್ತಿದ್ದಳು, ಹೊಸಬರೆಲ್ಲ ಹಾಗೆಯೇ. ಈಗ ಕೋಚ್ ಕಾಲಿನಿಂದ ಒತ್ತಲು ಹೇಳಿದ್ದಾರೆ. ಹಳೆಯ ಅಭ್ಯಾಸ ಹೋಗಿದೆ, ಹೊಸದು ಕೈಗೂಡಿಲ್ಲ. ಎಡಗೈಯಲ್ಲಿ ಬರೆಯಲು ಕಲಿಯುವವರ ಅಕ್ಷರದ ಹಾಗೆ ಕೆಲವು ವಾರ ಎಲ್ಲವೂ ಸೊಟ್ಟ. ಅವಳು ಅದನ್ನು ಹಿಂದೆ ಬೀಳುವುದು ಎನ್ನುತ್ತಾಳೆ. ಒಪ್ಪಲು ನಾನು ತಯಾರಿಲ್ಲ.

ಮನೆಯಲ್ಲಿ ದತ್ತು ಭೋಕನಳ್ ಅವರ ಕಥೆ ಎದ್ದದ್ದೂ ಈ ಮಾತಿನ ನಡುವೆಯೇ. ನಾಸಿಕ್ ಜಿಲ್ಲೆಯ ಚಾಂದವಡ ತಾಲ್ಲೂಕಿನ ತಳೇಗಾಂವ್ ರೋಹಿ ಎಂಬ ಬರದ ಊರಿನವರು. ತಂದೆಯೊಡನೆ ಬಾವಿ ತೋಡುತ್ತಿದ್ದವರು 2012ರಲ್ಲಿ ಸೇನೆ ಸೇರಿ, ಅಲ್ಲಿಯೇ ರೋಯಿಂಗ್ ಕಲಿತರು. ಆರಂಭದಲ್ಲಿ ನೀರೆಂದರೆ ಭಯವಿತ್ತು. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದ ಭಾರತದ ಏಕೈಕ ರೋಯಿಂಗ್ ಪಟು ಅವರು, ಒಟ್ಟಾರೆ 13ನೆಯವರಾದರು. "ನೋಡು, ನಾಲ್ಕೇ ವರ್ಷ!" ಎಂದು ಭಾವ ಮಗಳಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿದರು.

ಈ ಕಥೆಯನ್ನು ಹೀಗೆ ಹೇಳುವುದರಲ್ಲಿ ಮೋಸವಿದೆ. ಮೊದಲನೆಯದಾಗಿ, ಬಾವಿ ತೋಡಿ ಕಲ್ಲು ಹೊತ್ತ ಕಾಲು, ಬೆನ್ನು ಅವರದು. ಎರಡನೆಯದಾಗಿ, ಸೇನೆ ಅವರಿಗೆ ಊಟ, ಸಂಬಳ, ಕೋಚ್, ದೋಣಿ, ದಿನಾ ನೀರು ಎಲ್ಲವನ್ನೂ ಕೊಟ್ಟಿತು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ರೋಯಿಂಗಿನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಕೂಡ ಸೈನಿಕರೇ. 2018ರ ಏಷ್ಯನ್ ಗೇಮ್ಸ್‌ನಲ್ಲಿ, ಪಾಲೆಂಬಾಂಗ್‌ನಲ್ಲಿ, ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ಸವರ್ಣ್ ಸಿಂಗ್, ದತ್ತು, ಓಂ ಪ್ರಕಾಶ್, ಸುಖಮೀತ್ ಸಿಂಗ್ ನಾಲ್ವರೂ ಸೈನಿಕರೇ. ದತ್ತು ಒಂಟಿ ದೋಣಿಯಲ್ಲಿ ಪದಕವಿಲ್ಲದೆ ಮರಳಿದ್ದು ಆ ಚಿನ್ನದ ಹಿಂದಿನ ದಿನವಷ್ಟೇ. ಆ ಹಿಂದಿನ ದಿನವನ್ನು ಮಾತ್ರ ಯಾರೂ ವಾಟ್ಸ್ಯಾಪ್‌ನಲ್ಲಿ ಕಳಿಸುವುದಿಲ್ಲ.

ಹಾಗಾಗಿ ನಾನು ಅವಳಿಗೆ ಮೊದಲು ಕೇಳಿದ್ದು ತಿಂಗಳ ಲೆಕ್ಕವನ್ನಲ್ಲ, ನಿಮಿಷಗಳ ಲೆಕ್ಕವನ್ನು. ನಾಲ್ಕು ತಿಂಗಳಲ್ಲಿ ನಿಜವಾಗಿ ಹುಟ್ಟು ಹಾಕಿದ್ದು ಎಷ್ಟು ಹೊತ್ತು? ದೋಣಿ ಕಡಿಮೆ, ಹುಡುಗರು ಹೆಚ್ಚು. ವಾರಕ್ಕೆ ಎರಡು ದಿನ ಸರದಿ, ಬಂದರೆ ಇಪ್ಪತ್ತೈದು ನಿಮಿಷ. ಪರೀಕ್ಷೆಗೆ ಮೂರು ವಾರ ಹೋಯಿತು, ನದಿಯಲ್ಲಿ ಅಂತರಗಂಗೆ ಕಟ್ಟಿಕೊಂಡ ದಿನಗಳು ಬೇರೆ. ಕೂಡಿಸಿದರೆ ಹತ್ತು ಗಂಟೆ ತುಂಬಲಿಲ್ಲ. ಹತ್ತು ಗಂಟೆಯಲ್ಲಿ ಯಾರಿಗಾದರೂ ಸ್ಕೂಟರ್ ಓಡಿಸಲು ಸರಿಯಾಗಿ ಬಂದೀತೇ? ದೋಣಿಯ ಕೊರತೆಯನ್ನು ಅವಳು ತನ್ನ ಕೊರತೆ ಎಂದು ಬರೆದುಕೊಂಡಿದ್ದಳು. ನಮ್ಮ ಮಧ್ಯಮವರ್ಗದ ಮಕ್ಕಳಿಗೆ ಇದನ್ನು ನಾವೇ ಕಲಿಸಿದ್ದೇವೆ, ಸೌಕರ್ಯ ಇಲ್ಲದಿದ್ದರೂ ಸೋಲು ಮಾತ್ರ ಸ್ವಂತದ್ದು ಎಂದು. ಪುಣೆಯಲ್ಲಾದರೂ ಹಳೆಯ ಬೋಟ್ ಕ್ಲಬ್ಬುಗಳಿವೆ, ರಾಯಲ್ ಕನಾಟ್ 1868ರದ್ದು, ಎಂಜಿನಿಯರಿಂಗ್ ಕಾಲೇಜಿನದು 1928ರದ್ದು. ಖಾಡಿಯ ದಡದಲ್ಲೇ ಬೆಳೆದವಳು ಒಂದು ಹುಟ್ಟು ಮುಟ್ಟಲು ಘಟ್ಟ ಹತ್ತಬೇಕಾಯಿತು ಎಂಬುದೂ ಈ ಲೆಕ್ಕಕ್ಕೇ ಸೇರಬೇಕು.

ಹಾಗಾದರೆ ಸಮಯ ನೋಡಲೇಬಾರದೇ? ನೋಡಬೇಕು, ತಿಂಗಳಿಗೊಮ್ಮೆ ಸಾಕು. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆಯೇ ವಿಶ್ವದಾಖಲೆ ಎಂಬ ಮಾತನ್ನು ಬಳಸುವುದಿಲ್ಲ, 'ವಿಶ್ವದ ಅತ್ಯುತ್ತಮ ಸಮಯ' ಎನ್ನುತ್ತದೆ. ಗಾಳಿ ಬೇರೆ, ನೀರು ಬೇರೆ, ಒಂದು ಊರಿನ ಎರಡು ಸಾವಿರ ಮೀಟರನ್ನು ಇನ್ನೊಂದು ಊರಿನದರ ಜೊತೆ ತೂಗಲಾಗದು ಎಂದು. ಒಲಿಂಪಿಕ್ ಪಟುಗಳಿಗೇ ಇಷ್ಟು ರಿಯಾಯಿತಿ ಇರುವಾಗ ಮಂಗಳವಾರದ ನದಿಯನ್ನು ಶುಕ್ರವಾರದ ನದಿಗೆ ಹೋಲಿಸಿ ಅಳುವುದೇಕೆ?

ಉಳಿದ ದಿನ ನೋಡಲು ಬೇರೆ ಗುರುತುಗಳಿವೆ. ಮೊದಲು ನಿಮಿಷಕ್ಕೆ ಇಪ್ಪತ್ತನಾಲ್ಕು ಎಳೆತದಲ್ಲಿ ಬರುತ್ತಿದ್ದ 2:20 ಈಗ ಇಪ್ಪತ್ತರಲ್ಲಿ ಬಂದರೆ ಅದು ಪ್ರಗತಿ. ಅದೇ ವೇಗಕ್ಕೆ ಎದೆಬಡಿತ ಕಡಿಮೆಯಾದರೆ ಅದೂ ಪ್ರಗತಿ. ಅದಕ್ಕಿಂತ ನನಗೆ ಇಷ್ಟವಾದದ್ದು ನೀರಿನಲ್ಲೇ ಇದೆ. ಅಲಗು ಮೇಲೆದ್ದ ಕಡೆ ನೀರಿನಲ್ಲಿ ಒಂದು ಸಣ್ಣ ಸುಳಿ ಉಳಿಯುತ್ತದೆ. ಹಿಮ್ಮುಖವಾಗಿ ಕೂತವರಿಗೆ ತಮ್ಮ ಸುಳಿಗಳೆಲ್ಲ ಸಾಲಾಗಿ ಕಾಣುತ್ತವೆ. ಒಂದು ಸುಳಿಗೂ ಮುಂದಿನದಕ್ಕೂ ನಡುವೆ ಎಷ್ಟು ದೂರವಿದೆಯೋ ಒಂದು ಎಳೆತಕ್ಕೆ ದೋಣಿ ಅಷ್ಟು ಓಡಿತು ಎಂದರ್ಥ.

ಅವಳಿಗೆ ಇದನ್ನು ಹೇಳಿದೆ. ಗಡಿಯಾರವನ್ನು ಬ್ಯಾಗಿನಲ್ಲಿಟ್ಟು ಎರಡು ವಾರ ಸುಳಿ ಮಾತ್ರ ನೋಡು ಎಂದೆ. "ಗಡಿಯಾರ ಇಡೋದು ಕಷ್ಟ ಚಿಕ್ಕಿ, ಎಲ್ಲರೂ ನೋಡ್ತಾರೆ" ಎಂದಳು. ಮೊನ್ನೆ ಮೆಸೇಜ್ ಬಂತು: ಎಡಗಡೆಯ ಸುಳಿ ದೊಡ್ಡದು, ಬಲಗಡೆಯದು ಚಿಕ್ಕದಂತೆ. ಬಲಗಾಲು ಸರಿಯಾಗಿ ಒತ್ತುತ್ತಿಲ್ಲವೋ ಏನೋ, ಶನಿವಾರದ ಸರದಿಯಲ್ಲಿ ಕೋಚ್ ಹತ್ತಿರ ಕೇಳುತ್ತಾಳಂತೆ.